ಕುಸುಬೆ ಎಣ್ಣೆ ಕುಡಿದ ಮೋಟಾರು

ಮದುವೆಯಾದ ಎರಡನೇ ವರ್ಷದ ಬೇಸಿಗೆಯಲ್ಲಿ ನನ್ನ ಗಂಡ ಒಂದು ಹಳೆಯ ಮೋಟಾರು ಕೊಂಡು ತಂದರು. ತಂದರು ಅನ್ನುವುದಕ್ಕಿಂತ ಎಳೆಸಿಕೊಂಡು ಬಂದರು ಅನ್ನುವುದೇ ಸರಿ. ಅಫಜಲಪುರದಿಂದ ಆಳಂದದವರೆಗೆ ಎರಡು ಎತ್ತು ಅದನ್ನು ಎಳೆದವು. ಹಗ್ಗವನ್ನು ಮೋಟಾರಿನ ಮೂಗಿಗೆ ಕಟ್ಟಿದ್ದರು. ಇವರು ತಲೆಗೆ ರುಮಾಲು ಸುತ್ತಿ ಒಳಗೆ ಕೂತು, ಜೀವವಿಲ್ಲದ ಮೋಟಾರಿನ ಚಕ್ರ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತ ನಮ್ಮ ಓಣಿಗೆ ಬಂದರು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ನಾನು ಕದದ ಸಂದಿಯಿಂದ ನೋಡಿದೆ. ನಾಚಿಕೆಯಾಯಿತು.

ಅದು ಮನೆಮಂದಿ ಹತ್ತಿ ಊರಿಗೆ ಹೋಗುವಂಥ ಮೋಟಾರಲ್ಲ. ಶೋಕಿಗೆ, ಪಂದ್ಯಕ್ಕೆ ಓಡಿಸುವಂಥದ್ದು. ಮುಂದೆ ಇಬ್ಬರಿಗಷ್ಟೇ ಜಾಗ, ಮೇಲೆ ಸೂರಿಲ್ಲ, ಉದ್ದನೆಯ ಮೂಗು, ಹಿಂದೆ ದೋಣಿಯ ತುದಿಯಂತೆ ಚೂಪಾದ ಬಾಲ. ಬಾಲದ ಮೇಲಿನ ಮುಚ್ಚಳ ಎತ್ತಿದರೆ ಒಬ್ಬರು ಮುದುಡಿ ಕೂಡುವಷ್ಟು ಗೂಡು. ಅಫಜಲಪುರ ಕಡೆಯ ಒಬ್ಬ ಜಾಗೀರದಾರರ ಮಗ ಅದನ್ನು ಹೈದರಾಬಾದಿನಿಂದ ತಂದು ಎರಡು ವರ್ಷ ಓಡಿಸಿ, ಬೇಸರ ಬಂದು, ಕೊಟ್ಟಿಗೆಯಲ್ಲಿ ಬಿಸಾಕಿದ್ದ. ಕೂಡುವ ಜಾಗದಲ್ಲಿ ಕೋಳಿಗಳು ಮೊಟ್ಟೆ ಇಟ್ಟಿದ್ದವು. ಆ ವಾಸನೆ ಹೋಗಲು ನಾನು ನಾಲ್ಕು ದಿನ ತಿಕ್ಕಿದ್ದೇನೆ.

ಅತ್ತೆ ಪಡಸಾಲೆಯ ಹೊರಸಿನ ಮೇಲೆ ಕೂತೇ ನೋಡಿದರು.

"ಏನ್ ತಂದಿ ಲೇ ತಮ್ಮಾ?"

"ಮೋಟಾರು ತಂದೀನಿ ಯವ್ವಾ."

"ಮೋಟಾರು ತಾನೇ ನಡಿತಾದ ಅಂತಾರ. ಇದು ಎತ್ತಿನ ಬೆನ್ನ ಹತ್ತಿ ಬಂದಾದ."

"ನಡಸ್ತೇನಿ. ಮಿರಗ ಕೂಡೂದ್ರೊಳಗ ನಡಸ್ತೇನಿ. ನಿನ್ನ ಇದರಾಗ ಕುಂದರ್ಸಿ ಖಜೂರಿಗಿ ಕರಕೊಂಡು ಹೋಗ್ತೇನಿ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿದರು.

ಖಜೂರಿಯಲ್ಲಿ ಅತ್ತೆಯ ಅಕ್ಕ ಇದ್ದರು. ಅವರನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ತಾಯಿ ಬೇಗ ತೀರಿಹೋದ ಮನೆಯಲ್ಲಿ ಅತ್ತೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ನನ್ನ ಮದುವೆಗೆ ಒಂದು ವರ್ಷ ಮುಂಚೆ ಅತ್ತೆ ಬಾವಿಯ ಮೆಟ್ಟಿಲಿನಿಂದ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದರು. ಎಲುಬು ಕಟ್ಟುವವರು ಕಟ್ಟಿದರು, ಅದು ಸೊಟ್ಟಗೆ ಕೂಡಿತು. ಕೋಲು ಹಿಡಿದು ಹಿತ್ತಿಲಿಗೆ ಹೋಗಿ ಬರುವಷ್ಟು ಮಾತ್ರ ಆಗುತ್ತಿತ್ತು. ಖಜೂರಿ ಎತ್ತಿನ ಗಾಡಿಗೆ ಅರ್ಧ ದಿನದ ಹಾದಿ. ಒಮ್ಮೆ ಹೊರಟು, ಊರ ಹೊರಗಿನ ಹಳ್ಳ ದಾಟುವಷ್ಟರಲ್ಲಿ ಗಾಡಿಯ ಕುಲುಕಾಟಕ್ಕೆ ಎಚ್ಚರ ತಪ್ಪಿ, ತಿರುಗಿ ಕರೆತಂದಿದ್ದರಂತೆ. ದೊಡ್ಡವ್ವ ಈ ಕಡೆ ಬರುವಂತಿರಲಿಲ್ಲ. ಅವರ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಹೀಗೆ ಅಕ್ಕ ತಂಗಿ ಮೂರು ವರ್ಷ ಮುಖ ನೋಡಿರಲಿಲ್ಲ.

ಆ ವರ್ಷ ಖಜೂರಿಯಿಂದ ಸಂತೆಗೆ ಬಂದವರು ಸುದ್ದಿ ತಂದರು. ದೊಡ್ಡವ್ವನ ಎಡಗಣ್ಣು ಪೊರೆ ಬಂದು ಹೋಗಿದೆ, ಬಲಗಣ್ಣು ಹೋಗುತ್ತಿದೆ, ಕಣ್ಣು ಆರುವುದರೊಳಗೆ ತಂಗಿಯ ಮುಖ ಒಮ್ಮೆ ನೋಡಬೇಕು ಅನ್ನುತ್ತಾರೆ ಎಂದು. ಅತ್ತೆ ಅಳಲಿಲ್ಲ. ಊಟ ಮಾಡಿದರು, ನಿದ್ದೆಯನ್ನೂ ಮಾಡಿದರು. ಆದರೆ ಮರುದಿನದಿಂದ ಖಜೂರಿ ಕಡೆಯ ಗಾಡಿ ಯಾವುದೇ ಬೀದಿಯಲ್ಲಿ ಹೋದರೂ ಆಡುತ್ತಿದ್ದ ಮಾತು ನಿಲ್ಲಿಸಿ ಆ ಸಪ್ಪಳ ಮುಗಿಯುವವರೆಗೆ ಕೇಳುತ್ತಿದ್ದರು. ಅದನ್ನು ನೋಡಿಯೇ ಇವರು ಮೋಟಾರು ಹುಡುಕಲು ಹೋದದ್ದು. ಶೋಕಿಯೂ ಇತ್ತು, ಇಲ್ಲ ಅನ್ನಲಾರೆ. ಆದರೆ ಸಿಕ್ಕಿದ್ದು ಅದೊಂದೇ ಮೋಟಾರು.

ಮಿರಗದ ಮಳೆ ಅಂದರೆ ನಮ್ಮ ಕಡೆ ಮಳೆಗಾಲದ ಮೊದಲ ಮಳೆ. ಅದು ಬಿದ್ದರೆ ಕರಿ ಮಣ್ಣು ಹದವಾದ ಹಿಟ್ಟಿನಂತಾಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ದೀಪಾವಳಿಯವರೆಗೆ ಖಜೂರಿಯ ಹಾದಿಯಲ್ಲಿ ಮೋಟಾರಿನ ಮಾತಿಲ್ಲ. ಅಲ್ಲಿಯವರೆಗೆ ದೊಡ್ಡವ್ವನ ಕಣ್ಣು ಉಳಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಇವರ ಕೈಯಲ್ಲಿ ಎರಡು ತಿಂಗಳಿತ್ತು.

ಇವರು ಹತ್ತಿ ಜಿನ್ನಿನಲ್ಲಿ ಮಿಸ್ತ್ರಿ. ಬೇಸಿಗೆಯಲ್ಲಿ ಜಿನ್ನು ಮುಚ್ಚಿರುತ್ತದೆ. ಅಂಗಳದ ಬೇವಿನ ಮರದ ಕೆಳಗೆ ಮೋಟಾರು ನಿಲ್ಲಿಸಿ ಪಾನಾ, ಪೇಚಕಸ ಹಿಡಿದು ಬಿಚ್ಚಲು ಕೂತರು. ಎಣ್ಣೆ ಇಂಜಿನ್ನಿನ ಕೆಲಸ ಬಲ್ಲವರು, ಮೋಟಾರು ಅವರಿಗೂ ಹೊಸದು. ಬಿಚ್ಚಿದ್ದನ್ನು ತೊಳೆದು ಇಡುವ ಕೆಲಸ ನನಗೆ ಬಂತು. ನಾನು ಜೇವರ್ಗಿ ಕಡೆಯ ಇಜೇರಿಯವಳು. ಜೋಳ ಕೊಯ್ಯಲು ಬರುತ್ತಿತ್ತು, ತೊಗರಿ ಕಟ್ಟಿಗೆ ಹೊರಲು ಬರುತ್ತಿತ್ತು. ಮೋಟಾರನ್ನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲ.

ಒಂದು ಹರಕು ಕೌದಿ ಹಾಸಿದೆ. ಗ್ಯಾಸಿನೆಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ತೊಳೆದ ಸಾಮಾನನ್ನು ಬಿಚ್ಚಿದ ಸಾಲಿನಲ್ಲೇ ಎಡದಿಂದ ಬಲಕ್ಕೆ ಇಟ್ಟೆ. ಒಂದೇ ತರಹದ ನಾಲ್ಕು ಸಾಮಾನು ಬಂದರೆ ಯಾವುದು ಎಲ್ಲಿಯದೆಂದು ತಿಳಿಯಲು ಕುಂಕುಮದ ಬೊಟ್ಟು ಇಡುತ್ತಿದ್ದೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಅಂಕಿ ಬರೆಯಲು ಬರುತ್ತಿತ್ತು, ಆದರೆ ಎಣ್ಣೆಗೈಯಲ್ಲಿ ಬೊಟ್ಟೇ ಸುಲಭ. ಓಣಿಯ ಹೆಂಗಸೊಬ್ಬಳು ನೋಡಿ, ನಮ್ಮ ಮನೆಯಲ್ಲಿ ಕಬ್ಬಿಣಕ್ಕೆ ಪೂಜೆ ನಡೆದಿದೆ ಎಂದು ಊರೆಲ್ಲ ಹೇಳಿದಳು. ಎರಡು ಮಂದಿ ತೆಂಗಿನಕಾಯಿ ಹಿಡಿದುಕೊಂಡು ಬಂದಿದ್ದರು. ಕಾಯಿ ಇಟ್ಟುಕೊಂಡು ಕಳಿಸಿದೆ.

ಇಂಜಿನ್ನು ತಣಿಸುವ ನೀರಿನ ಡಬ್ಬಿ ಸೋರುತ್ತಿತ್ತು, ಅದಕ್ಕೆ ಕಲಾಯಿ ಹಾಕಿಸಿದರು. ಅತ್ತೆಯನ್ನು ಎತ್ತಿ ಒಳಗೆ ಕೂಡಿಸಿ ನೋಡಿದಾಗ ಮೋಟಾರು ಎತ್ತಿನ ಗಾಡಿಗಿಂತ ಗಡಸಾಗಿತ್ತು.

"ಇದರಾಗ ಹೋದ್ರ ಖಜೂರಿಗಿ ಎಲುಬಿನ ಗಂಟು ಮುಟ್ತಾದ, ನಾ ಮುಟ್ಟೂದಿಲ್ಲ," ಅಂದರು ಅತ್ತೆ.

"ಓಡೂ ಮೋಟಾರು ಹಿಂಗಽ ಇರ್ತಾದ ಯವ್ವಾ. ಗಡಸಿದ್ರನಽ ಜೋರು ಹೋಗ್ತಾದ."

"ನಾ ಎಲ್ಲಿ ಪಂದ್ಯಕ ಹೋಗಾಕತ್ತೀನಿ?"

ಇವರು ಚಕ್ರದ ಮೇಲಿನ ಕಮಾನಿನ ಪಟ್ಟಿಗಳಲ್ಲಿ ಎರಡೆರಡು ತೆಗೆದುಹಾಕಿದರು. ಅಷ್ಟು ಮೆತ್ತಗಾಯಿತು. ನಾನು ಹೊಸ ಹತ್ತಿ ತುಂಬಿ ಎರಡು ಗಾದಿ ಹೊಲಿದೆ. ಜಾಗೀರದಾರರ ಮಗನ ಪಂದ್ಯದ ಮೋಟಾರು ಹಾಗೆ ಬಾಣಂತಿಯ ಹಾಸಿಗೆಯಾಯಿತು.

ಕ್ಲಚ್ಚಿನದು ದೊಡ್ಡ ತೊಡಕು. ಇಂಜಿನ್ನಿಗೂ ಚಕ್ರಕ್ಕೂ ನಡುವೆ ಒಂದು ಕಬ್ಬಿಣದ ಬಟ್ಟಲಿಗೆ ತೊಗಲು ಸುತ್ತಿರುತ್ತದೆ, ಆ ತೊಗಲು ಹಿಡಿದರೆ ಮೋಟಾರು ನಡೆಯುತ್ತದೆ. ನಮ್ಮದು ಸುಟ್ಟು ಕರಕಲಾಗಿತ್ತು. ಅದನ್ನು ಮಾಡಬಲ್ಲವರು ಊರಲ್ಲಿ ಒಬ್ಬರೇ. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ ಹೊಲಿಯುವ ಅಜ್ಜ, ನಾವೆಲ್ಲ ಮುತ್ಯಾ ಅನ್ನುತ್ತಿದ್ದೆವು. ಊರ ಆಚೆಯ ಕೇರಿಯವರು. ಅವರು ನಮ್ಮಂಥವರ ಅಂಗಳದ ಹೊರಗೆ ನಿಂತೇ ಮಾತಾಡಬೇಕಾದ ಕಾಲ ಅದು. ಆದರೆ ಮೋಟಾರು ಅಂಗಳದ ಒಳಗಿತ್ತು, ಅಳತೆ ತೆಗೆಯಲು ಅದರ ಕೆಳಗೆ ಹೋಗಬೇಕಿತ್ತು. ಮುತ್ಯಾ ಗೋಡೆಯ ಹತ್ತಿರ ನಿಂತರು. ಇವರು ಅತ್ತೆಯ ಮುಖ ನೋಡಿದರು.

ಅತ್ತೆ ಸ್ವಲ್ಪ ಹೊತ್ತು ಬೇವಿನ ಮರ ನೋಡಿದರು. ಆಮೇಲೆ, "ಅಲ್ಲಿ ನಿಂತು ಏನ್ ಅಳತಿ ಹಿಡಿತಿ? ಒಳಗ ಬಾ," ಅಂದರು.

ಅದನ್ನು ದೊಡ್ಡದು ಮಾಡಿ ಬರೆಯುವುದಿಲ್ಲ. ಅತ್ತೆಗೆ ಖಜೂರಿಗೆ ಹೋಗಬೇಕಿತ್ತು, ಅದಕ್ಕೇ ಒಳಗೆ ಕರೆದರು. ಕೊನೆಯ ದಿನದವರೆಗೂ ಮುತ್ಯಾನಿಗೆ ಚಹಾ ಕೊಟ್ಟದ್ದು ಬೇರೆ ಬಟ್ಟಲಿನಲ್ಲೇ, ಆ ಬಟ್ಟಲು ತೊಳೆದಿಟ್ಟವಳು ನಾನೇ. ಅವರ ಮೊಮ್ಮಕ್ಕಳು ಈಗ ಬೌದ್ಧರಾಗಿದ್ದಾರೆ, ಒಬ್ಬ ಕಾಲೇಜಿನಲ್ಲಿ ಕಲಿಸುತ್ತಾನೆ. ಅವನು ಇದನ್ನು ಓದಿದರೆ ಓದಲಿ, ಸುಳ್ಳು ಬರೆಯಲಾರೆ.

ಮುತ್ಯಾ ಮೂರು ದಿನದಲ್ಲಿ ಎಮ್ಮೆ ತೊಗಲು ಕೊಯ್ದು, ನೆನೆಸಿ, ಹೊಲಿದು ಬಟ್ಟಲಿಗೆ ತೊಡಿಸಿದರು. "ಇದಕ್ಕ ಔಡಲ ಎಣ್ಣಿ ಕುಡಸ್ರಿ ಮಿಸ್ತ್ರ್ಯಾರ," ಅಂದರು. "ಒಣಗಿದ್ರ ಸೀಳ್ತಾದ. ಬಕ್ಕಳ ಕುಡಸಿದ್ರ ಜಾರ್ತಾದ." ಎಷ್ಟು ಅಂತ ಕೇಳಿದರೆ ಹೆಬ್ಬೆರಳು ಒತ್ತಿ ತೋರಿಸಿದರು. ಒತ್ತಿದರೆ ಬೆರಳು ಜಿಡ್ಡಾಗಬೇಕು, ಹನಿ ಬರಬಾರದು. ಆ ಕ್ಲಚ್ಚು ಮೋಟಾರು ಇರುವವರೆಗೂ ಬಾಳಿತು.

ವೈಶಾಖದ ಒಂದು ಬೆಳಿಗ್ಗೆ ಇವರು ಹ್ಯಾಂಡಲ್ ಹಾಕಿ ತಿರುಗಿಸಿದರು. ಹತ್ತು ಸಲ ಕೆಮ್ಮಿತು. ಹನ್ನೊಂದನೆಯ ಸಲ ಹೊತ್ತಿಕೊಂಡಿತು. ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಇವರು ಜಿನ್ನಿನವರೆಗೆ ಓಡಿಸಿಕೊಂಡು ಹೋಗಿ ತಿರುಗಿ ಬಂದರು. ಇಳಿದಾಗ ಕಣ್ಣು ಕೆಂಪಾಗಿದ್ದವು. ಧೂಳು ಅಂದರು. ಇರಬಹುದು.

ಇನ್ನು ಟೈರು ಉಳಿದಿತ್ತು. ಎರಡು ಟೈರಿನ ಒಳಗೋಡೆ ಸೀಳಿತ್ತು. ಟ್ಯೂಬು, ಪೆಟ್ರೋಲು ತರಲು ಇವರು ಕಲಬುರಗಿಗೆ ಹೊರಟರು. ಹೋಗುವಾಗ ನನಗೆ ಒಂದು ಕೆಲಸ ಹೇಳಿದರು. ಇಂಜಿನ್ನಿನ ಪಕ್ಕದಲ್ಲಿ ಎಣ್ಣೆ ನೋಡುವ ಕಡ್ಡಿಯಿದೆ, ದಿನಾ ಎಳೆದು ನೋಡು, ಗೀಟಿಗಿಂತ ಕೆಳಗೆ ಹೋದರೆ ಡಬ್ಬಿಯಲ್ಲಿರುವುದನ್ನು ಹಾಕು, ಕೆಳಗಿನ ಬಿರಡೆ ಜಿನುಗುತ್ತಿದೆ ಅಂತ.

ಎರಡನೇ ದಿನ ಕಡ್ಡಿ ಎಳೆದೆ. ಎಣ್ಣೆ ಗೀಟಿಗಿಂತ ಬೆರಳಗಲ ಕೆಳಗಿತ್ತು. ಡಬ್ಬಿ ಬಗ್ಗಿಸಿದರೆ ನಾಲ್ಕು ಹನಿ ಬಂತು. ನಾನು ಮೋಟಾರಿನ ಮುಂದೆ ನಿಂತು ಯೋಚಿಸಿದೆ. ಇಜೇರಿಯಲ್ಲಿ ಗಂಡಸರು ಊರಲ್ಲಿ ಇಲ್ಲದಿದ್ದರೆ ಎತ್ತುಗಳನ್ನು ಉಪವಾಸ ಕಟ್ಟುತ್ತಿರಲಿಲ್ಲ. ಒಳಗೆ ಹೋದೆ. ಗಾಣದಿಂದ ಹಿಂಡಿಸಿ ತಂದ ಕುಸುಬೆ ಎಣ್ಣೆಯ ಗಡಿಗೆಯಿತ್ತು, ಅದೂ ಮೊದಲ ಹಿಂಡಿನದು. ಹಬ್ಬಕ್ಕೆಂದು ಎತ್ತಿಟ್ಟದ್ದು, ನಸುಹಳದಿ, ಕನ್ನಡಿಯಂತೆ ತಿಳಿಯಾಗಿತ್ತು. ಬಜಾರಿನ ಆ ಕರಿ ಎಣ್ಣೆಗಿಂತ ಇದು ಎಷ್ಟು ಪಾಲು ಮೇಲು ಅನ್ನಿಸಿತು. ಒಂದು ತಂಬಿಗೆ ತುಂಬಿ, ಅರಿವೆಯಲ್ಲಿ ಸೋಸಿ, ಇಂಜಿನ್ನಿಗೆ ಹೊಯ್ದೆ. ಕಡ್ಡಿ ಎಳೆದರೆ ಗೀಟಿಗೆ ಬರೊಬ್ಬರಿ ಬಂತು. ನನಗೆ ಬಹಳ ಸಮಾಧಾನವಾಯಿತು. ಎಂಥ ತಪ್ಪು ಮಾಡುವಾಗಲೂ ಮನುಷ್ಯನಿಗೆ ಇಷ್ಟು ಸಮಾಧಾನ ಆಗಬಾರದು.

ಇವರು ಬಂದ ಮೇಲೆ ಎರಡು ದಿನ ಓಡಿಸಿದರು. ಹಿಂದಿನ ನಳಿಗೆಯಿಂದ ನೀಲಿ ಹೊಗೆ ಬಂತು, ಅದರ ಜೊತೆ ಒಂದು ವಾಸನೆಯೂ.

"ಯಾರ ಮನ್ಯಾಗ ಭಜಿ ಕರಿಯಾಕತ್ತಾರ?" ಅಂತ ಇವರು ಕೇಳಿದರು.

"ನನಗೂ ವಾಸನಿ ಬಂತು," ಅಂದರು ಅತ್ತೆ. "ನಾಕ ಮೆಣಸಿನಕಾಯಿ ಭಜಿ ಮಾಡಬೇ. ಬಾಯಿ ಕೆಟ್ಟದ."

ನಾನು ಭಜಿ ಮಾಡಿದೆ. ಎಣ್ಣೆ ಹಾಕಿದ್ದು ನಾನು ಅಂತ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಎಣ್ಣೆ ಹಾಕು ಅಂದಿದ್ದರು, ಹಾಕಿದ್ದೆ, ಅದರಲ್ಲಿ ಹೇಳುವುದು ಏನಿದೆ ಅಂದುಕೊಂಡಿದ್ದೆ. ವಾಸನೆ ಬಂದ ಮೇಲೆ ಮಾತ್ರ ಒಳಗೆ ಸ್ವಲ್ಪ ಅಳುಕಿತು. ಆಗಲೂ ಬಾಯಿ ಬಿಡಲಿಲ್ಲ.

ಆಮೇಲೆ ಮೋಟಾರು ಎಂಟು ದಿನ ಕಲ್ಲಿನ ಮೇಲೆ ನಿಂತಿತು. ಟೈರಿನ ಒಳಗೆ ಮುತ್ಯಾ ತೊಗಲಿನ ಪಟ್ಟಿ ಹೊಲಿಯುತ್ತಿದ್ದರು. ಬಿಸಿಲು ಸುರಿಯುತ್ತಿತ್ತು. ಒಂಬತ್ತನೇ ದಿನ ಚಕ್ರ ಹಾಕಿ, ಇವರು ಹ್ಯಾಂಡಲ್ ತಿರುಗಿಸಲು ಹೋದರೆ ಅದು ತಿರುಗಲಿಲ್ಲ. ಇಬ್ಬರು ಹಿಡಿದರೂ ತಿರುಗಲಿಲ್ಲ. ಮಿರಗಕ್ಕೆ ಹನ್ನೆರಡು ದಿನ ಉಳಿದಿತ್ತು. ಪಡುವಣ ದಿಕ್ಕಿನಲ್ಲಿ ಸಂಜೆ ಹೊತ್ತು ಮೋಡ ಕಾಣಿಸಲು ಶುರುವಾಗಿತ್ತು.

ಇವರು ಮತ್ತೆ ಬಿಚ್ಚಿದರು. ಒಳಗೆಲ್ಲ ಕಂದು ಬಣ್ಣದ ಅಂಟು. ಬೇವಿನ ಮರದಿಂದ ಒಸರಿ ಗಟ್ಟಿಯಾಗುತ್ತದಲ್ಲ, ಹಾಗೆ. ಎಲ್ಲಿ ಏನು ಜಾರಬೇಕಿತ್ತೋ ಅಲ್ಲೆಲ್ಲ ಅದು ಕಚ್ಚಿ ಹಿಡಿದಿತ್ತು.

"ಮೋಸ ಮಾಡ್ಯಾನ," ಅಂದರು ಇವರು. "ಕಲಬುರಗಿ ಅಂಗಡ್ಯಾಂವ ಎಣ್ಣಿ ಒಳಗ ಏನೋ ಬೆರಸ್ಯಾನ. ನಾಳಿಗಿ ಹೋಗಿ ಅವನ ಕುತ್ತಿಗಿ ಹಿಡಿತೇನಿ."

"ತಡೀರಿ ಮಿಸ್ತ್ರ್ಯಾರ." ಮುತ್ಯಾ ಟೈರು ಬಿಟ್ಟು ಎದ್ದು ಬಂದರು. ಆ ಅಂಟನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ದಾರದಂತೆ ಬಂತು. ಮೂಸಿ ನೋಡಿದರು. "ಇದು ರೋಗನ ಅದರಿ."

"ಏನದು?"

"ಬಾವಿ ಮೊಟ್ಟಿಗಿ ಹಚ್ಚೂದು. ಕುಸುಬಿ ಎಣ್ಣಿ ಕಾಸಿ ಕಾಸಿ ಮಾಡ್ತೀವಿ. ತೊಗಲಿಗಿ ಹಚ್ಚಿದ್ರ ಹನಿ ನೀರು ಸೋರೂದಿಲ್ಲ. ಬ್ಯಾರೆ ಎಣ್ಣಿ ಹಿಂಗ ದಾರ ಬಿಡೂದಿಲ್ಲರಿ."

"ಮೋಟಾರಿನಾಗ ಕುಸುಬಿ ಎಣ್ಣಿ ಎಲ್ಲಿಂದ ಬರ್ತಾದ?"

"ಅದು ನನಗ ಹ್ಯಾಂಗ ಗೊತ್ತರಿ?" ಅಂದು ಮುತ್ಯಾ ನನ್ನ ಕಡೆ ನೋಡದೆ ಟೈರಿನ ಹತ್ತಿರ ಹೋಗಿ ಕೂತರು. ನನ್ನ ಕಡೆ ನೋಡದೆ ಇದ್ದದ್ದರಿಂದಲೇ ಅವರಿಗೆ ಗೊತ್ತಾಗಿದೆ ಅಂತ ನನಗೆ ತಿಳಿಯಿತು.

ಆಗ ಹೊರಸಿನ ಮೇಲಿಂದ ಅತ್ತೆ ಅಂದರು, "ನಾ ಹಾಕೀನಿ."

ಇವರು ತಿರುಗಿದರು. "ನೀ ಯಾವಾಗ ಹಾಕ್ದಿ ಯವ್ವಾ? ನಿನಗ ಒಬ್ಬಾಕಿಗೇ ಮರದ ತನಾ ಬರಾಕ ಆಗೂದಿಲ್ಲ."

"ಬಂದೀನಿ. ನನ್ನ ಟೊಂಕ, ನಾ ಏಳ್ತೇನಿ, ಕುಂದ್ರತೇನಿ. ನಿನಗ್ಯಾಕ?"

"ಅತ್ತಿ ಹಾಕಿಲ್ಲರಿ," ಅಂದೆ. "ನಾ ಹಾಕೀನಿ. ಡಬ್ಬಿ ಖಾಲಿ ಆಗಿತ್ತು. ಒಂದು ತಂಬಿಗಿ ಹಾಕೀನಿ."

"ನೋಡು, ನಾ ಸಂಭಾಳಸಾಕತ್ತೇನಿ, ಇಕಿ ಹರದ ಹಾಕಾಕತ್ಯಾಳ," ಅಂದರು ಅತ್ತೆ.

ಇವರು ಮೋಟಾರಿನ ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತು ಕೈಯಲ್ಲಿದ್ದ ಪಾನಾ ತಿರುಗಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದರೆ ತಡೆದುಕೊಳ್ಳಲು ಹಲ್ಲು ಕಚ್ಚಿಕೊಂಡೆ.

"ಸೋಸಿ ಹಾಕಿದ್ಯೋ ಇಲ್ಲೋ?" ಅಂದರು.

"ಸೋಸೀನಿ."

"ಅಷ್ಟರಮಟ್ಟಿಗಿ ಶಾಣ್ಯಾಕಿ."

ಮುತ್ಯಾ ಟೈರಿನ ಹಿಂದೆ ಬಗ್ಗಿ ನಕ್ಕರು. ಭುಜ ಕುಣಿಯುತ್ತಿತ್ತು.

ಆಮೇಲೆ ರೊಟ್ಟಿ ಬಡಿಯುವ ನಡುವೆ ಎದ್ದು ಬಂದು ಅತ್ತೆಯನ್ನು ಕೇಳಿದೆ, ಯಾಕೆ ಸುಳ್ಳು ಹೇಳಿದಿರಿ ಅಂತ. ಮೋಟಾರು ಕೆಟ್ಟರೆ ತಪ್ಪುವುದು ಅವರ ಖಜೂರಿಯ ಹಾದಿಯೇ. ನನ್ನ ಕೂದಲು ಹಿಡಿದು ಎರಡು ಹೊಡೆದಿದ್ದರೂ ನಾನು ತಪ್ಪು ಅನ್ನುತ್ತಿರಲಿಲ್ಲ.

"ನೀ ಬಂದು ಎರಡು ವರ್ಷ ಆಗ್ಯಾದ," ಅಂದರು. "ಅವ ಬೈದ್ರ ನಿನಗ ತಾಕ್ತಾದ. ನಾ ಅವನ ಕುಂಡಿ ತೊಳದಾಕಿ, ನನಗ ತಾಕೂದಿಲ್ಲ. ಹೋಗು, ರೊಟ್ಟಿ ಸುಡಾಕತ್ತಾದ."

ರೋಗನ ತೆಗೆಯುವುದು ಮುತ್ಯಾನಿಗೆ ಗೊತ್ತಿತ್ತು. ಅವರು ರೋಗನ ಕಾಸುವ ಗಡಿಗೆಗಳನ್ನು ಬೂದಿ ನೀರಿನಲ್ಲಿ ಕುದಿಸಿ ತೊಳೆಯುತ್ತಿದ್ದರು. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಬಟ್ಟೆ ಕುದಿಸುವ ಹಂಡೆಯಲ್ಲಿ ಕಾಸಿದೆವು. ಕಬ್ಬಿಣದ ಸಾಮಾನನ್ನೆಲ್ಲ ಅದರಲ್ಲಿ ಹಾಕಿದೆವು. ಬಿಳಿ ಲೋಹದ್ದಕ್ಕೆ ಬೂದಿ ನೀರು ತಾಕಿದರೆ ತಿಂದುಹಾಕುತ್ತದೆ ಅಂತ ಇವರು ಅವನ್ನು ಬೇರೆ ಇಟ್ಟು ಗ್ಯಾಸಿನೆಣ್ಣೆಯಲ್ಲಿ ನೆನೆಹಾಕಿದರು. ಕಬ್ಬಿಣದ ಚೂರಿಯಿಂದ ಕೆರೆದರೆ ಗೀರು ಬೀಳುತ್ತದೆ, ಬಿದಿರಿನ ಸೀಳಿನಿಂದಲೇ ಕೆರೆಯಬೇಕು. ಬಿದಿರು ಸೀಳಿ ಕೊಟ್ಟವರು ಮುತ್ಯಾ.

ಐದು ದಿನ ಕೆರೆದೆವು. ನನ್ನ ಬೆರಳ ತುದಿಯ ಚರ್ಮ ಹೋಗಿ ಜೋಳದ ಹಿಟ್ಟು ನಾದಿದರೆ ಉರಿಯುತ್ತಿತ್ತು. ನನ್ನ ತಂಬಿಗೆ, ನನ್ನ ಬೆರಳು, ಯಾರಿಗೆ ಹೇಳುವುದು. ಅತ್ತೆ ಮಡಿಲಲ್ಲಿ ಗೋಣಿ ಹಾಸಿಕೊಂಡು ಹೊರಸಿನ ಮೇಲೆ ಕೂತೇ ಸಣ್ಣ ಬಳೆಗಳನ್ನು ಕೆರೆದರು. ಇಂಜಿನ್ನಿನೊಳಗೆ ಅಂಥ ಕಬ್ಬಿಣದ ಬಳೆಗಳಿರುತ್ತವೆ. ಮುರಿದರೆ ಊರಲ್ಲಿ ಬೇರೆ ಸಿಗುವುದಿಲ್ಲ ಎಂದು ಇವರು ಹತ್ತು ಸಲ ಹೇಳಿದರು.

"ಬಳಿ ತೊಳಿಯೂದು ನನಗ ಹೇಳಿಕೊಡಬ್ಯಾಡ," ಅಂದರು ಅತ್ತೆ. "ನಿನಗ ಎಷ್ಟು ಬಳಿ ಇಟ್ಕೊಂಡು ಗೊತ್ತಾದ?"

ಒಂದೂ ಮುರಿಯಲಿಲ್ಲ.

ನನ್ನ ಕುಂಕುಮದ ಬೊಟ್ಟುಗಳು ಬೂದಿ ನೀರಿನಲ್ಲಿ ಹೋಗಿದ್ದವು. ಆದರೆ ಎರಡು ತಿಂಗಳು ತೊಳೆದು ಇಟ್ಟ ಸಾಮಾನು. ಯಾವುದರ ಮೈಮೇಲೆ ಯಾವ ಗೀರಿದೆ ಅಂತ ನನಗೆ ಬರುತ್ತಿತ್ತು. ಇವರು ಕೈ ಚಾಚುತ್ತಿದ್ದರು, ನಾನು ಕೊಡುತ್ತಿದ್ದೆ. ಒಂದೆರಡು ಸಲ ಇದಲ್ಲ ಅಂದರು. ಅದೇ ಅಂದೆ. ಹಾಕಿ ನೋಡಿ ಸುಮ್ಮನಾದರು.

ಇನ್ನು ಎಣ್ಣೆ. ಕಲಬುರಗಿಗೆ ಹೋಗಿ ಬರಲು ದಿನವಿಲ್ಲ. ಜಾಗೀರದಾರರ ಮಗ ಪಂದ್ಯಕ್ಕೆ ಹೋಗುವಾಗ ಇಂಜಿನ್ನಿಗೆ ಔಡಲ ಎಣ್ಣೆಯನ್ನೇ ಹಾಕಿಸುತ್ತಿದ್ದ ಅಂತ ಅವನ ಡ್ರೈವರ ಹೇಳಿದ್ದು ಇವರಿಗೆ ನೆನಪಿತ್ತು. ಮಕ್ಕಳಿಗೆ ಭೇದಿಯಾಗಲು ಕೊಡುವ ಹರಳೆಣ್ಣೆ. ನಮ್ಮ ಗಾಡಿಯ ಅಚ್ಚಿಗೂ ಅದನ್ನೇ ಹಾಕುವುದು. ಮುತ್ಯಾ ಒಪ್ಪಿದರು. "ಔಡಲ ಎಣ್ಣಿ ಜಲ್ದಿ ಗಟ್ಟಿ ಆಗೂದಿಲ್ಲರಿ. ಆದ್ರ ಓಡಿಸಿ ಬಂದ ಮ್ಯಾಲ ಬಿಸಿ ಇದ್ದಾಗನಽ ಬಸದ ಬಿಡ್ರಿ." ಇವರು ಡಬ್ಬಿ ತುಂಬಿಸಿಕೊಂಡು ಬಂದರು. ಹೊಯ್ಯುವಾಗ ನನ್ನನ್ನು ಕರೆದು, ನೋಡು ಇದು ಯಾವ ಎಣ್ಣೆ ಅಂತ ಮೂಗಿಗೆ ಹಿಡಿದರು. ಅದೊಂದು ಸೇಡು ತೀರಿಸಿಕೊಂಡರು.

ಹ್ಯಾಂಡಲ್ ತಿರುಗಿತು. ಹೊತ್ತಿಕೊಂಡಿತು. ಆ ಹೊಗೆಯ ವಾಸನೆಗೆ ಯಾರಿಗೂ ಹಸಿವಾಗಲಿಲ್ಲ.

ಮಿರಗ ಕೂಡುವ ದಿನವೇ ಬೆಳಗಾಗುತ್ತಲೇ ಹೊರಟೆವು. ಇನ್ನೊಂದು ದಿನ ಟೈರು ಸರಿಮಾಡೋಣ ಅಂದರು ಇವರು. ಅತ್ತೆ ಆಗಲೇ ಇಳಕಲ್ಲು ಸೀರೆ ಉಟ್ಟು, ಕೋಲು ಹಿಡಿದು ಕೂತಿದ್ದರು. ಅವರನ್ನು ಎತ್ತಿ ಮುಂದೆ ಗಾದಿಗಳ ನಡುವೆ ಕೂಡಿಸಿದೆವು. ನಾನು ಹಿಂದಿನ ಗೂಡಿನಲ್ಲಿ. ಮಡಿಲಲ್ಲಿ ಎಣ್ಣೆ ಡಬ್ಬಿ, ಕಾಲ ಬಳಿ ನೀರಿನ ಕೊಡ, ರೊಟ್ಟಿಯ ಗಂಟು. ತಲೆಯ ಮೇಲೆ ಸೆರಗು ನಿಲ್ಲಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಆಮೇಲೆ ಬಿಟ್ಟೆ. ಹೊಲದಲ್ಲಿ ನೋಡುವವರಿದ್ದರು, ನೋಡಿಕೊಳ್ಳಲಿ ಅಂದುಕೊಂಡೆ.

ಜೋರಾಗಿ ಓಡಲೆಂದೇ ಮಾಡಿದ ಮೋಟಾರನ್ನು ಇವರು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಮಾತ್ರ ಓಡಿಸಿದರು. ಪ್ರತಿ ತಗ್ಗಿನಲ್ಲೂ ನಿಲ್ಲಿಸಿ, ಇಳಿದು ನೋಡಿ, ಬಳಸಿ ಹೋದರು. ಅತ್ತೆ ಒಮ್ಮೆಯೂ ನೋವು ಅನ್ನಲಿಲ್ಲ. ಒಂದು ದೊಡ್ಡ ತಗ್ಗಿನಲ್ಲಿ ಹಿಂದಿನ ಚಕ್ರ ಕುಸಿದಾಗ ಅವರ ಕೈ ಇವರ ತೊಡೆಯನ್ನು ಹಿಡಿದದ್ದು ಕಂಡಿತು. ಇವರಿಗೆ ಅಲ್ಲಿ ಎಂಟು ದಿನ ನೀಲಿಗಟ್ಟಿತ್ತು.

"ಯವ್ವಾ, ನಿಂದ್ರಸಲೇನ?"

"ನಿಂತ್ರ ಅಲ್ಲೇ ನಿಲ್ತಾದ ಇದು. ಹೊಡಿ."

ಖಜೂರಿಯ ಮನೆಗಳು ಕಾಣುವಾಗ ಗಾಳಿ ಬೀಸಿ ಮಣ್ಣಿನ ವಾಸನೆ ಬಂತು. ದೊಡ್ಡವ್ವನ ಬಾಗಿಲಿಗೆ ಮುಟ್ಟಿದಾಗ ದೊಡ್ಡ ದೊಡ್ಡ ಹನಿ ಅಲ್ಲೊಂದು ಇಲ್ಲೊಂದು ಬೀಳುತ್ತಿತ್ತು. ದೊಡ್ಡವ್ವ ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದರು, ಬೆರಳಿನಿಂದ ಮುಟ್ಟಿ ಮುಟ್ಟಿ. ಸಪ್ಪಳಕ್ಕೆ ತಲೆಯೆತ್ತಿದರು.

"ಯಾರದು? ಇಷ್ಟು ಗದ್ದಲ ಮಾಡ್ಕೊಂಡು ಯಾವ ಸರದಾರ ಬಂದಾನ?"

"ಸರದಾರ ಅಲ್ಲ ಬೇ, ನಾ," ಅಂದರು ಅತ್ತೆ.

ದೊಡ್ಡವ್ವ ಏಳಲಿಲ್ಲ. ಕಾಳಿನ ಮೊರ ಪಕ್ಕಕ್ಕೆ ಇಟ್ಟರು. ಇವರು ಅತ್ತೆಯನ್ನು ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಕೂಡಿಸಿದರು. ದೊಡ್ಡವ್ವ ಎರಡೂ ಕೈಯಲ್ಲಿ ತಂಗಿಯ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು. ಗೇಣು ದೂರ ಇಟ್ಟು ನೋಡಿದರು, ಕಾಣಲಿಲ್ಲ. ಹತ್ತಿರ ತಂದರು. ಆಮೇಲೆ ಸ್ವಲ್ಪ ಓರೆಯಾಗಿಸಿದರು. ಬಲಗಣ್ಣಿನ ಮೂಲೆಯಲ್ಲಿ ಒಂದು ಜಾಗ ಇನ್ನೂ ತಿಳಿಯಾಗಿತ್ತಂತೆ, ಮುಖವನ್ನು ಅಲ್ಲಿಗೆ ತಂದು ನಿಲ್ಲಿಸಿದರು. ಅತ್ತೆ, ಬದುಕಿನಲ್ಲಿ ಯಾರ ಮಾತೂ ಕೇಳದ ಹೆಂಗಸು, ಆ ಕೈಗಳಲ್ಲಿ ಮಗುವಿನಂತೆ ಕೂತಿದ್ದರು.

"ಬಕ್ಕಳ ಮುದುಕಿ ಆಗಿದಿ ಬೇ," ಅಂದರು ದೊಡ್ಡವ್ವ.

"ನಿನಗ ಏನ್ ಹದಿನಾರು ತುಂಬ್ಯಾವೇನು?"

"ಕುಂಕುಮ ಸೊಟ್ಟ ಹಚ್ಚೀದಿ."

"ಹಾದ್ಯಾಗ ಗಾಳಿ ಇತ್ತು."

ದೊಡ್ಡವ್ವ ಹೆಬ್ಬೆರಳಿನಿಂದ ಅದನ್ನು ತಿದ್ದಿದರು. ಇವರು ಮೋಟಾರಿನ ಹತ್ತಿರ ಹೋಗಿ ಬಿಸಿ ಎಣ್ಣೆ ಬಸಿಯಲು ಶುರುಮಾಡಿದರು. ಅಷ್ಟರಲ್ಲಿ ಮಳೆ ಕಟ್ಟೆಯೊಡೆದಂತೆ ಬಂತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಹಾದಿ ನೋಡಿದರೆ ಹಾದಿಯೇ ಇರಲಿಲ್ಲ. ಮೋಟಾರನ್ನು ದೊಡ್ಡವ್ವನ ಕೊಟ್ಟಿಗೆಯಲ್ಲಿ ಎಮ್ಮೆಗಳ ಪಕ್ಕ ನಿಲ್ಲಿಸಿ, ನಾನು ಮತ್ತು ಇವರು ಎತ್ತಿನ ಗಾಡಿಯಲ್ಲಿ ಆಳಂದಕ್ಕೆ ಬಂದೆವು. ಅತ್ತೆ ಬರುವಂತಿರಲಿಲ್ಲ. "ಮೋಟಾರು ಬಂದಾಗ ನಾನೂ ಬರ್ತೇನಿ," ಅಂದರು. ಹೇಳುವಾಗ ದುಃಖವೇನೂ ಕಾಣಲಿಲ್ಲ.

ದೀಪಾವಳಿ ಮುಗಿದು ಹಾದಿ ಒಣಗಿದ ಮೇಲೆ ಕರೆತರಲು ಹೋದೆವು. ದೊಡ್ಡವ್ವನ ಬಲಗಣ್ಣು ಆಗ ಪೂರ್ತಿ ಹೋಗಿತ್ತು. ಮೊಹರಮ್ಮಿನ ಹೊತ್ತಿಗೆ ಇತ್ತು, ನವರಾತ್ರಿಗೆ ಇರಲಿಲ್ಲ ಅಂದರು. ಅತ್ತೆ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: ಅಕ್ಕ ಕಡೆಯದಾಗಿ ನೋಡಿದ್ದು ನನ್ನ ಮುಖ, ಅಕ್ಕನೇ ಹೇಳಿದಳು. ಅದನ್ನು ಹೇಳುವಾಗ ಅವರ ಮುಖ ಹೊಸ ಪಾತ್ರೆಯಂತೆ ಹೊಳೆಯಿತು. ಊರಿಗೆ ಬಂದ ಮೇಲೂ ಬಂದವರಿಗೆಲ್ಲ ಅದನ್ನೇ ಹೇಳಿದರು. ಮುತ್ಯಾನಿಗೂ ಹೇಳಿದರು. ಯುದ್ಧ ಬಂದು, ಪೆಟ್ರೋಲು ಸಿಗದೆ, ಇವರು ಆ ಇಂಜಿನ್ನನ್ನು ಗ್ಯಾಸಿನೆಣ್ಣೆಗೆ ಹೊಂದಿಸಿ ಹಿಟ್ಟಿನ ಗಿರಣಿಗೆ ಕೂಡಿಸಿದ ಮೇಲೂ ಹೇಳುತ್ತಲೇ ಇದ್ದರು.

ಆದರೆ ಆ ದಿನ ಹೊರಡುವ ಮುಂಚೆ ನಾನು ದೊಡ್ಡವ್ವನಿಗೆ ಎಲೆ ಅಡಿಕೆ ಮಡಿಸಿ ಕೊಡುತ್ತ ಕೂತಿದ್ದೆ. ನನಗೆ ಕೇಳಬಾರದ್ದನ್ನು ಕೇಳುವ ಚಟ ಆಗಲೂ ಇತ್ತು.

"ಖರೇನ ದೊಡ್ಡವ್ವ? ಕಡೀಕ ಕಂಡದ್ದು ಅತ್ತಿ ಮಾರಿನೇನು?"

ದೊಡ್ಡವ್ವ ಬಾಗಿಲ ಕಡೆ ಕಿವಿಯಿಟ್ಟು, ಅತ್ತೆ ಹತ್ತಿರ ಇಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಬೆಕ್ಕು," ಅಂದರು. "ಹಾಲಿನ ಗಡಗ್ಯಾಗ ಬಾಯಿ ಹಾಕಿತ್ತು. ಹೊಡಿಯಾಕ ಕೋಲು ಎತ್ತೀನಿ, ಅಷ್ಟರಾಗ ಅದೂ ಕಾಣಲಿಲ್ಲ. ನಿಮ್ಮತ್ತಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು."

ಅತ್ತೆ ಇರುವವರೆಗೂ ನಾನು ಬಾಯಿ ಬಿಡಲಿಲ್ಲ.